ಕಾಲುವೆ ನೀರು ಅಳೆಯುವ ನಾವು ನೆಟ್ ಯಾಕೆ ಅಳೆಯಬಾರದು?

ಮುಂಗಾರು ಹದವಾಗಿ ಬಿದ್ದ ಮರುದಿನ. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ ಕೊಡಬೇಕಿತ್ತು. ನಾಲ್ಕು ಆಳು ಹೇಳಿಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೇ ಗೊಬ್ಬರದ ಅಂಗಡಿ ಮುಂದೆ ಹೋಗಿ ನಿಂತರೆ ನನಗಿಂತ ಮುಂಚೆ ಇಪ್ಪತ್ತು ಮಂದಿ ಬಂದಿದ್ದರು. ಯೂರಿಯಾ ಚೀಲ ಕಣ್ಣೆದುರಿಗೇ ತಗಡು ಮುಟ್ಟುವಂತೆ ಪೇರಿಸಿಟ್ಟಿದ್ದಾರೆ. ಕೈಯಲ್ಲಿ ರೊಕ್ಕ ಇದೆ. ಆದರೂ ಚೀಲ ಸಿಗಲಿಲ್ಲ.

"ಹೆಬ್ಬೆಟ್ಟು ಮಿಷನ್ನಿಗೆ ಸರ್ವರ್ ಸಿಗವಲ್ದು ಅಣ್ಣಾ. ಮಧ್ಯಾಹ್ನ ಬರ್ರಿ."

ಮಧ್ಯಾಹ್ನ ಹೋದರೆ "ಸಂಜೀಕೆ ಬರ್ರಿ". ಸಂಜೆ ಹೋದರೆ "ನಾಳೆ". ಆಳುಗಳು ಇನ್ನೊಬ್ಬರ ಹೊಲಕ್ಕೆ ಹೋದರು. ಗೊಬ್ಬರ ಸಿಕ್ಕಿದ್ದು ಮೂರನೇ ದಿನ. ಅಷ್ಟೊತ್ತಿಗೆ ಬಿಸಿಲು ಬಿದ್ದು ಮೇಲಿನ ಹಸಿ ಆರಿತ್ತು. ಒಣ ನೆಲದ ಮೇಲೆ ಯೂರಿಯಾ ಚೆಲ್ಲಿದರೆ ಅರ್ಧ ಗಾಳಿಪಾಲು ಅನ್ನೋದು ನಮಗೆಲ್ಲ ಗೊತ್ತಿದ್ದದ್ದೇ. ಮತ್ತೆ ಮಳೆ ಬರೋತನಕ ಚೀಲ ಮನೆಯ ಪಡಸಾಲೆಯಲ್ಲಿ ಕೂತಿತ್ತು.

ರಿಯಾಯಿತಿ ಗೊಬ್ಬರವನ್ನು ಆಧಾರ್ ಹೆಬ್ಬೆಟ್ಟಿನ ಮೇಲೆಯೇ ಮಾರಬೇಕು ಎಂಬ ಪದ್ಧತಿ 2018ರ ಮಾರ್ಚ್ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳಿಗೂ ಬಂತು. ಅಂಗಡಿಯವನು ಮಿಷನ್ನಿನಲ್ಲಿ ಮಾರಾಟ ದಾಖಲಿಸಿದ ಮೇಲೆಯೇ ಕಂಪನಿಗೆ ಸರ್ಕಾರದ ಸಹಾಯಧನ. ಪದ್ಧತಿ ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಈಗ ನನ್ನ ಹೊಲದ ಹದ ಒಂದು ತಂತಿಯ ಮೇಲೆ, ಇಲ್ಲವೇ ಒಂದು ಟವರಿನ ಮೇಲೆ ನಿಂತಿದೆ ಎಂಬುದಂತೂ ನಿಜ. ಗೊಬ್ಬರ ಒಂದೇ ಅಲ್ಲ. ರೇಷನ್ ಅಂಗಡಿ, ಬೆಳೆ ವಿಮೆ, ಪಹಣಿ, ಬೆಂಬಲ ಬೆಲೆಗೆ ಹೆಸರು ಹಚ್ಚೋದು, ಎಲ್ಲಾ ಅದೇ ದಾರಿ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನೂ ಕಂಪ್ಯೂಟರಿಗೆ ತರುವ ಯೋಜನೆಗೆ ಕೇಂದ್ರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೀಗಾಗಿ ಸೊಸೈಟಿ ಸಾಲದ ಲೆಕ್ಕಕ್ಕೂ ಈಗ ನೆಟ್ ಬೇಕು.

ಆ ಮೂರು ದಿನ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ‘ಸರ್ವರ್ ಇಲ್ಲ’ ಅಂದರೆ ಎಲ್ಲಿ ಇಲ್ಲ? ಅಂಗಡಿಯೊಳಗೋ, ಊರಿನ ಟವರಿನಲ್ಲೋ, ಬೆಂಗಳೂರು-ದಿಲ್ಲಿಯಲ್ಲೋ? ಅಂಗಡಿಯವನಿಗೂ ಗೊತ್ತಿಲ್ಲ. ಅವನನ್ನು ಬೈದು ಉಪಯೋಗವೂ ಇಲ್ಲ.

ತಂಗಿ ಮಗ ಹೇಳಿದ್ದು

ನನ್ನ ತಂಗಿ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಈ ಮಾತು ತೆಗೆದೆ. ಅವನು ನಕ್ಕ. "ಮಾವಾ, ನನ್ನ ಕೆಲಸಾನ ಅದು. ಕಂಪನಿಗೆ ಊರೂರಿಗೆ ಗೋಡೌನ್ ಅದಾವು. ಎಲ್ಲಿ ನೆಟ್ ಬಿತ್ತು, ಎಲ್ಲಿ ನಿಧಾನ ಆತು ಅಂತ ಇಲ್ಲೇ ಕುಂತು ನೋಡ್ತೀವಿ. ಅಲ್ಲಿಯವರು ಫೋನ್ ಮಾಡೋಕಿಂತ ಮೊದಲೇ ನಮಗ ಗೊತ್ತಾಗಿರ್ತದ."

ಸಂಡೂರಿನ ಗಣಿ ಕಡೆ ಹೋದವರಿಗೆ ಇದು ಹೊಸದೇನಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿ, ಆಮೇಲೆ ಷರತ್ತು ಹಾಕಿ ಬಿಟ್ಟಿತು. ಅಲ್ಲಿಂದೀಚೆಗೆ ಅದಿರಿನ ತೂಕ, ಪರ್ಮಿಟ್ಟು ಎಲ್ಲವೂ ಕಂಪ್ಯೂಟರಿನಲ್ಲೇ. ನೆಟ್ ನಿಂತರೆ ಲಾರಿ ನಿಲ್ಲುತ್ತದೆ. ಲಾರಿ ನಿಂತರೆ ಲಕ್ಷಗಟ್ಟಲೆ ನಷ್ಟ ಅಂತ ದೊಡ್ಡವರು ಒಂದಕ್ಕೆ ಎರಡು ಲೈನ್ ಇಟ್ಟುಕೊಳ್ಳುತ್ತಾರೆ, ಅದನ್ನು ಕಾಯಲು ಆಳನ್ನೂ ಇಡುತ್ತಾರೆ. ನಮ್ಮ ಗೊಬ್ಬರದಂಗಡಿಗೆ ಅಷ್ಟು ಆಗುವುದಿಲ್ಲ. ಆದರೆ ಅಳೆಯುವ ಕೆಲಸಕ್ಕೆ ಹಳೇ ಸ್ಮಾರ್ಟ್‌ಫೋನ್, ಒಂದು ನೋಟ್‌ಬುಕ್ ಸಾಕು ಅಂತ ಹುಡುಗ ಹೇಳಿದ. ಮಾಡಿ ನೋಡಿದೆವು. ಸಾಕಾಯಿತು.

ವೇಗ ಒಂದೇ ಅಲ್ಲ

ನಾವು ತುಂಗಭದ್ರಾ ಕಾಲುವೆ ಕೆಳಗಿನ ಜನ. ಹೊಸಪೇಟೆ, ಕಂಪ್ಲಿ ಕಡೆ ಮಕ್ಕಳಿಗೂ ಡ್ಯಾಮಿನ ಮಟ್ಟ 1633 ಅಡಿ ಮುಟ್ಟಿತೋ ಇಲ್ಲವೋ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ಗೊತ್ತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಕೊಂಡು ಹೋದಾಗಂತೂ ತಾಸಿಗೊಮ್ಮೆ ಕ್ಯೂಸೆಕ್ ಲೆಕ್ಕ ಕೇಳುತ್ತಿದ್ದೆವು. ಅದೇ ಲೆಕ್ಕದಲ್ಲಿ ನೆಟ್ಟನ್ನೂ ನೋಡಿದರೆ ತಲೆಬಿಸಿ ಇಲ್ಲ.

ಕಾಲುವೆಯಲ್ಲಿ ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆ ಅನ್ನೋದಕ್ಕೆ ಕ್ಯೂಸೆಕ್. ನೆಟ್ಟಿನಲ್ಲಿ ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯುತ್ತದೆ ಅನ್ನೋದಕ್ಕೆ ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್. ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಫೋಟೋ, ವಿಡಿಯೋ ಎಷ್ಟು ದೊಡ್ಡದು ಅನ್ನೋದನ್ನು ಮೆಗಾಬೈಟಿನಲ್ಲಿ ಹೇಳುತ್ತಾರೆ, ವೇಗವನ್ನು ಮೆಗಾಬಿಟ್ಟಿನಲ್ಲಿ ಹೇಳುತ್ತಾರೆ. ಎಂಟು ಬಿಟ್ ಸೇರಿದರೆ ಒಂದು ಬೈಟು. ಹಾಗಾಗಿ 8 ಎಂಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ ಬರುವುದು 1 ಮೆಗಾಬೈಟು ಮಾತ್ರ. 40 ಅಂದರೆ 5. ಲೈನ್ ಹಾಕುವವನು ದೊಡ್ಡ ಅಂಕಿ ಹೇಳಿದಾಗ ಎಂಟರಿಂದ ಭಾಗಿಸಿಕೊಳ್ಳಿ.

ಇನ್ನೊಂದು ಅಳತೆ ಇದಕ್ಕಿಂತ ಮುಖ್ಯ. ಅದರ ಹೆಸರು ಪಿಂಗ್. ಡ್ಯಾಮಿನಲ್ಲಿ ತೂಬು ಎತ್ತಿದ ಮೇಲೆ ನೀರು ನಮ್ಮ ಉಪಕಾಲುವೆಗೆ ಬರಲು ಇಷ್ಟು ತಾಸು ಬೇಕು ಅಂತೀವಲ್ಲ, ಅಂಥದ್ದು. ನಮ್ಮ ಫೋನಿನಿಂದ ಹೊರಟ ಒಂದು ಸಣ್ಣ ಕೂಗು ದೂರದ ಕಂಪ್ಯೂಟರ್ ಮುಟ್ಟಿ ವಾಪಸ್ ಬರಲು ಹಿಡಿಯುವ ಹೊತ್ತು. ಇದನ್ನು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಹೇಳುತ್ತಾರೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೊಸಪೇಟೆಯಿಂದ ಬೆಂಗಳೂರಿಗೆ ಹೋಗಿ ಬರಲು ನಾಲ್ಕು ಮಿಲಿಸೆಕೆಂಡೂ ಬೇಡ. ದಾರಿಯಲ್ಲಿ ಅಲ್ಲಲ್ಲಿ ನಿಂತು ತಿರುಗುವ ಹೊತ್ತು ಸೇರಿ ಒಳ್ಳೆಯ ಫೈಬರ್ ಲೈನಿನಲ್ಲಿ 20-40 ಬರಬಹುದು. 4ಜಿ ಸಿಮ್ಮಿನಲ್ಲಿ 40-80. ಮಾಮೂಲಿ ಉಪಗ್ರಹದ ತಟ್ಟೆ ಹಾಕಿದ ಕಡೆ 500ಕ್ಕಿಂತ ಕಡಿಮೆ ಬರಲು ಸಾಧ್ಯವೇ ಇಲ್ಲ ಅಂದರೂ ಆದೀತು. ಅದು ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಮೇಲೆ ನಿಂತಿರುವುದು. ಕೂಗು ಮೇಲೆ ಹೋಗಿ ಕೆಳಗಿಳಿದು, ಉತ್ತರ ಮತ್ತೆ ಮೇಲೆ ಹೋಗಿ ಕೆಳಗೆ ಬರಬೇಕು.

ಮೂರನೆಯದು, ಕಳಿಸಿದ ಹತ್ತು ಕೂಗಿನಲ್ಲಿ ಎಷ್ಟಕ್ಕೆ ಉತ್ತರ ಬಂತು, ಎಷ್ಟು ದಾರಿಯಲ್ಲೇ ಹೋದವು ಅನ್ನೋದು. ಕಾಲುವೆಯ ಸೋರಿಕೆ ಇದ್ದ ಹಾಗೆ. ನಮ್ಮ ಹೆಬ್ಬೆಟ್ಟು ಮಿಷನ್ನಿಗೆ ವೇಗ ಬೇಕಾಗಿಲ್ಲ ಕಣ್ರೀ. ಅದು ಕಳಿಸುವುದು ಒಂದು ಸಣ್ಣ ಫೋಟೋದಷ್ಟೂ ಇಲ್ಲ. ಅದಕ್ಕೆ ಬೇಕಾದದ್ದು ಸೋರದ ಲೈನು. ಹತ್ತರಲ್ಲಿ ಮೂರು ಕೂಗು ಕಳೆದುಹೋಗುವ 50 ಎಂಬಿಪಿಎಸ್ ಲೈನಿಗಿಂತ, ಒಂದೂ ಕಳೆಯದ 1 ಎಂಬಿಪಿಎಸ್ ಲೈನು ಈ ಕೆಲಸಕ್ಕೆ ವಾಸಿ. ಇದು ತಿಳಿಯದೆ ಅಂಗಡಿಯವನು ಎರಡು ಸಲ ದುಬಾರಿ ಪ್ಲಾನಿಗೆ ರೊಕ್ಕ ಕಟ್ಟಿದ್ದ.

ಅಳತೆ ಮಾಡಿದ ಬಗೆ

ಬೋರ್ ಕೊರೆಯುವವನು ಕೊರೆದ ದಿನ "ಮೂರಿಂಚು ನೀರು" ಅಂತಾನೆ. ಬೇಸಿಗೆಯಲ್ಲಿ ಬಕೆಟ್, ವಾಚು ಹಿಡಿದು ನಿಂತಾಗ ನಿಜ ಗೊತ್ತಾಗುವುದು. ನೆಟ್ ಕೂಡ ಹಾಗೇ. ಜಾಹೀರಾತಿನಲ್ಲಿ ‘ಇಷ್ಟರವರೆಗೆ’ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ‘ವರೆಗೆ’ ಅನ್ನುವ ಆ ಒಂದು ಮಾತಿನಲ್ಲಿ ಎಲ್ಲಾ ಅಡಗಿದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದವರು, ಅಂದರೆ ಟ್ರಾಯ್‌ನವರು, 2016ರಲ್ಲಿ ‘ಮೈಸ್ಪೀಡ್’ ಅನ್ನುವ ಆ್ಯಪ್ ಬಿಟ್ಟರು. ಪುಕ್ಕಟೆ. ಗುಂಡಿ ಒತ್ತಿದರೆ ಇಳಿಯುವ ವೇಗ, ಏರುವ ವೇಗ, ಸಿಗ್ನಲ್ ಎಲ್ಲಾ ತೋರಿಸುತ್ತದೆ. ಖಾಸಗಿಯವರ ಆ್ಯಪ್‌ಗಳೂ ಬೇಕಾದಷ್ಟಿವೆ. ಯಾವುದಾದರೂ ಒಂದನ್ನು ಹಿಡಿದು ಅದನ್ನೇ ಕೊನೆತನಕ ಬಳಸಿ. ಇವತ್ತು ಒಂದು, ನಾಳೆ ಇನ್ನೊಂದು ಅಂದರೆ ಇವತ್ತು ಸೇರು, ನಾಳೆ ಕೊಳಗ ಹಿಡಿದು ಅಳೆದ ಹಾಗಾಗುತ್ತದೆ.

ನಾವು ಹತ್ತು ದಿನ ಅಳೆದೆವು. ಬೆಳಿಗ್ಗೆ ಅಂಗಡಿ ತೆಗೆಯುವಾಗ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ. ಜಾಗ ಅದೇ, ಫೋನು ಅದೇ, ಸಿಮ್ಮು ಅದೇ. ಒಂದು ಸಲ ಅಲ್ಲ, ಪ್ರತಿ ಹೊತ್ತಿಗೂ ಮೂರು ಸಲ ಒತ್ತಿ, ನಡುವಿನ ಅಂಕಿ ಬರೆಯುವುದು. ಅತಿ ಹೆಚ್ಚಿಗೆ ಬಂದದ್ದನ್ನು ಬರೆಯಲು ಕೈ ಹೋಗುತ್ತದೆ, ಬರೆಯಬಾರದು. ದಿನಾಂಕ, ಹೊತ್ತು, ಇಳಿಯುವ ವೇಗ, ಏರುವ ವೇಗ, ಪಿಂಗ್, ಜೊತೆಗೆ ಕರೆಂಟ್ ಇತ್ತೋ ಇಲ್ಲವೋ, ಮಳೆ-ಗಾಳಿ ಇತ್ತೋ, ಅಷ್ಟೇ. ಮಳೆಮಾಪಕ ಇಟ್ಟುಕೊಂಡು ಲೆಕ್ಕ ಬರೆಯುವ ಅಭ್ಯಾಸ ಇದ್ದವರಿಗೆ ಇದು ಐದು ನಿಮಿಷದ ಕೆಲಸ.

ಒಂದು ಎಚ್ಚರ. ಈ ಪರೀಕ್ಷೆಯೇ ನೆಟ್ ತಿನ್ನುತ್ತದೆ. 40 ಎಂಬಿಪಿಎಸ್ ಲೈನಿನಲ್ಲಿ ಹತ್ತು ಸೆಕೆಂಡ್ ಪರೀಕ್ಷೆ ನಡೆದರೆ ಇಳಿಯುವ ಲೆಕ್ಕವೇ 50 ಮೆಗಾಬೈಟು. ಹುಡುಗರು ಉತ್ಸಾಹಕ್ಕೆ ಗಂಟೆಗೊಮ್ಮೆ ಒತ್ತುತ್ತಾ ಕೂತರೆ ದಿನಕ್ಕೆ 1200 ಮೆಗಾಬೈಟು ಅದಕ್ಕೇ ಹೋಯಿತು. ದಿನಕ್ಕೆ ಒಂದೂವರೆ ಜಿಬಿ ಪ್ಲಾನು ಇದ್ದವನ ಗತಿ ಏನು? ಹೊಲ ಎಷ್ಟು ನೀರು ಕುಡಿಯಿತು ಅಂತ ನೋಡಲು ಬಾವಿ ಬತ್ತಿಸಿದ ಹಾಗೆ. ಪಿಂಗ್ ಪರೀಕ್ಷೆಗೆ ಮಾತ್ರ ಏನೂ ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ಮಾಡಬಹುದು.

ಮಿತಿ ಮುಗಿದ ಮೇಲೆ ಎಷ್ಟೋ ಪ್ಲಾನುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟು. 200 ಕಿಲೋಬೈಟಿನ ಒಂದು ಫೋಟೋ ಏರಿಸಲು 25 ಸೆಕೆಂಡು. ನಮ್ಮ ನೋಟ್‌ಬುಕ್ಕಿನಲ್ಲಿ ಮೊದಲು ಸಿಕ್ಕ ಕಳ್ಳ ಇದೇ. ಕೆಲವು ದಿನ ಮಧ್ಯಾಹ್ನದ ಮೇಲೆ ವೇಗ ಒಮ್ಮೆಲೇ ನೆಲ ಕಚ್ಚುತ್ತಿತ್ತು. ವಿಚಾರಿಸಿದರೆ ಮಿಷನ್ನಿಗೆ ನೆಟ್ ಕೊಡುತ್ತಿದ್ದ ಫೋನಿನಲ್ಲೇ ಅಂಗಡಿ ಹುಡುಗ ಸಿನಿಮಾ ನೋಡುತ್ತಿದ್ದ. ಹುಡುಗನನ್ನು ಬೈಯಲಿಲ್ಲ. ಮಿಷನ್ನಿಗೆ ಬೇರೆ ಸಿಮ್ ಹಾಕಿದೆವು.

ಕೊನೆ ಭಾಗದ ರೈತರ ಕಥೆಯೇ

ರಾತ್ರಿ ಎಂಟರ ಅಂಕಿ ಹತ್ತೂ ದಿನ ಬೆಳಗಿನದಕ್ಕಿಂತ ತೀರಾ ಕಡಿಮೆ. ಇದರ ಕಾರಣ ಕಾಲುವೆ ಬಯಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಟವರಿಗೆ ಇಷ್ಟು ಅಂತ ಇರುತ್ತದೆ, ಅದನ್ನು ಊರೆಲ್ಲ ಹಂಚಿಕೊಳ್ಳಬೇಕು. ಸಂಜೆ ಎಲ್ಲರ ಕೈಯಲ್ಲೂ ಫೋನು. ಕಾಲುವೆ ತಲೆಯಲ್ಲಿ ಭತ್ತ ಹಚ್ಚಿದವರು ನೀರು ಹಿಡಿದ ಮೇಲೆ ಕೊನೆ ಭಾಗಕ್ಕೆ ಬರುವುದು ಬರೀ ತೇವ. ಟವರಿನ ಹತ್ತಿರದವನು, ಎದುರಿಗೆ ಅಡ್ಡಿ ಇಲ್ಲದವನು ತಲೆಭಾಗದ ರೈತ. ಗುಡ್ಡದ ಮರೆಯ ಹೊಲದವನು ಕೊನೆ ಭಾಗದವನು.

ಪಾಪಿನಾಯಕನಹಳ್ಳಿ ಸುತ್ತ ಗುಡ್ಡಗಳು. ಸಂಡೂರಿನ ಕಡೆಗೆ ಹೋದಷ್ಟೂ ಗುಡ್ಡ ಹೆಚ್ಚು. ಮೊಬೈಲಿನ ತರಂಗ ಹೆಚ್ಚುಕಡಿಮೆ ಕಣ್ಣೋಟದ ಹಾಗೆ ನೇರ ಹೋಗುವುದು. ಗುಡ್ಡದ ಆ ಮಗ್ಗುಲಿಗೆ ಟವರ್ ಇದ್ದರೆ ಈ ಮಗ್ಗುಲಿಗೆ ನೆರಳು. ಇದನ್ನು ಅಳೆಯಲೂ ಫೋನಿನಲ್ಲಿ ದಾರಿ ಇದೆ. ಮೇಲೆ ಕಾಣುವ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನಿನಲ್ಲಿ ಒಂದೊಂದು ಥರ ತೋರಿಸುತ್ತದೆ. ಸೆಟ್ಟಿಂಗ್‌ನಲ್ಲಿ ಫೋನಿನ ಬಗ್ಗೆ ಅನ್ನುವ ಕಡೆ ಸಿಮ್ ಸ್ಥಿತಿ ಅಂತ ಇರುತ್ತದೆ. ಅಲ್ಲಿ ಮೈನಸ್ ಹಾಕಿದ ಒಂದು ಅಂಕಿ, ಮುಂದೆ ಡಿಬಿಎಂ. 4ಜಿಯಲ್ಲಿ ಮೈನಸ್ 80ರ ಆಸುಪಾಸು ಇದ್ದರೆ ಬಹಳ ಚೆಂದ. ಮೈನಸ್ 100 ಆದರೆ ನಡೆಯುತ್ತದೆ. ಮೈನಸ್ 110 ದಾಟಿದರೆ ಎಳೆದಾಟ. 120 ಅಂದರೆ ಇಲ್ಲವೇ ಇಲ್ಲ ಅಂತ ತಿಳಿಯಿರಿ. ಮೈನಸ್ ಆದ್ದರಿಂದ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಸಣ್ಣದು. ನಾನು ಮೊದಲು ಇದನ್ನು ತಿರುವು-ಮುರುವು ತಿಳಿದು ಎರಡು ದಿನದ ಲೆಕ್ಕ ಹಾಳು ಮಾಡಿದೆ.

ಗೊಬ್ಬರದಂಗಡಿಯ ಗುಟ್ಟು ಸಿಕ್ಕಿದ್ದು ಇಲ್ಲೇ. ಹೊರಗೆ ಬೇವಿನ ಮರದ ಬುಡದಲ್ಲಿ ಮೈನಸ್ 92. ಒಳಗೆ ಮಿಷನ್ ಇಟ್ಟ ಮೇಜಿನ ಮೇಲೆ ಮೈನಸ್ 113. ಅಂಗಡಿಗೆ ತಗಡಿನ ಮಾಡು, ಮುಂದೆ ಕಬ್ಬಿಣದ ಶಟರ್, ಎರಡೂ ಕಡೆ ಚೀಲದ ಗೋಡೆ. ತಗಡು ಸಿಗ್ನಲ್ ಒಳಗೆ ಬಿಡುವುದಿಲ್ಲ. ‘ಸರ್ವರ್ ಇಲ್ಲ’ ಅಂತ ಮೂರು ದಿನ ನಮ್ಮನ್ನು ನಿಲ್ಲಿಸಿದ್ದರಲ್ಲಿ ಬಹುಪಾಲು ದಿಲ್ಲಿಯದ್ದಲ್ಲ, ಈ ತಗಡಿನದು!

ಮೇಜನ್ನು ಪಕ್ಕದ ಕಿಟಕಿಗೆ ಸರಿಸಿದೆವು. ಖರ್ಚು ಸೊನ್ನೆ. ಮೈನಸ್ 98ಕ್ಕೆ ಬಂತು. ಪಿಂಗ್ ಸೋರುವುದು ನಿಂತಿತು ಅಂತ ಹೇಳಲಾರೆ, ಹತ್ತಕ್ಕೆ ಮೂರು ಹೋಗುತ್ತಿದ್ದದ್ದು ಅಪರೂಪಕ್ಕೆ ಒಂದು ಅನ್ನುವಷ್ಟಕ್ಕೆ ಇಳಿಯಿತು. ಮಿಷನ್ನು ಮೊದಲ ಸಲಕ್ಕೇ ಹೆಬ್ಬೆಟ್ಟು ಹಿಡಿಯತೊಡಗಿತು. ಬೆರಳಿನ ಗೆರೆ ಸವೆದವರ ಕಷ್ಟ ಬೇರೆ, ಅದಕ್ಕೆ ಕಿಟಕಿ ಏನೂ ಮಾಡಲಾರದು.

ಕೆಟ್ಟದ್ದು ಎಲ್ಲಿ ಅಂತ ಹುಡುಕುವುದು

ಮೋಟಾರ್ ಓಡುತ್ತದೆ, ನೀರು ಬರುತ್ತಿಲ್ಲ ಅಂದರೆ ನಾವೇನು ಮಾಡುತ್ತೇವೆ? ಮೊದಲು ಪಂಪು, ಆಮೇಲೆ ಪೈಪು, ಆಮೇಲೆ ಬಾವಿ. ನೆಟ್ಟಿಗೂ ಅದೇ ಸಾಲು. ಪಿಂಗ್ ಮಾಡುವ ಸಣ್ಣ ಆ್ಯಪ್ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೊದಲು ನಿಮ್ಮದೇ ವೈಫೈ ಪೆಟ್ಟಿಗೆಯ ವಿಳಾಸ ಹೊಡೆಯಿರಿ. ಬಹಳ ಪೆಟ್ಟಿಗೆಗಳಲ್ಲಿ ಅದು 192.168.1.1, ಬೇರೆ ಇದ್ದರೆ ಪೆಟ್ಟಿಗೆಯ ತಳದಲ್ಲಿ ಬರೆದಿರುತ್ತದೆ. ಐದಾರು ಮಿಲಿಸೆಕೆಂಡಿನಲ್ಲಿ ಉತ್ತರ ಬರಬೇಕು. ಬರದಿದ್ದರೆ ಕೆಟ್ಟಿದ್ದು ಮನೆಯೊಳಗೇ. ಪೆಟ್ಟಿಗೆ ದೂರ ಇದೆ, ಗೋಡೆ ಅಡ್ಡ ಇದೆ, ಇಲ್ಲಾ ಪೆಟ್ಟಿಗೆ ಹಳತಾಗಿದೆ. ಅದು ಸರಿ ಇದ್ದರೆ 8.8.8.8 ಅಂತ ಹೊಡೆಯಿರಿ. ಇದು ಗೂಗಲ್‌ನವರು ಊರಿಗೆಲ್ಲ ತೆರೆದಿಟ್ಟ ವಿಳಾಸ, ಹಗಲು-ರಾತ್ರಿ ಉತ್ತರ ಕೊಡುತ್ತದೆ. ಇಲ್ಲಿಂದ ಉತ್ತರ ಇಲ್ಲದಿದ್ದರೆ ಲೈನಿನವರ ಕಡೆ ತೊಂದರೆ. ಇವೆರಡೂ ಸರಿ ಇದ್ದು, ಬೇಕಾದ ಸರ್ಕಾರಿ ತಾಣ ಮಾತ್ರ ತೆರೆಯದಿದ್ದರೆ ಆಗ ನಿಜಕ್ಕೂ ಸರ್ವರ್ ಇಲ್ಲ. ಆ ದಿನ ಸರದಿಯಲ್ಲಿ ನಿಲ್ಲುವುದು ದಂಡ, ಹೊಲಕ್ಕೆ ಹೋಗಬಹುದು.

ಈಗ ಅಂಗಡಿಯವನು ಬರೀ ‘ಸರ್ವರ್ ಇಲ್ಲ’ ಅನ್ನುವುದಿಲ್ಲ. "ಲೈನ್ ಹೋಗೇತಿ, ತಾಸು ಬಿಟ್ಟು ಬರ್ರಿ" ಅಥವಾ "ಮ್ಯಾಗಲಿಂದ್ಲೇ ಇಲ್ಲ, ಇವತ್ತು ನಂಬಬ್ಯಾಡ್ರಿ" ಅನ್ನುತ್ತಾನೆ. ಇಷ್ಟು ಗೊತ್ತಾದರೆ ನಮ್ಮ ಒಂದೊಪ್ಪತ್ತು ಉಳಿದಂತೆ.

ದೂರದ ಪಂಪ್‌ಹೌಸ್

ಈಗ ನನ್ನ ಸ್ವಂತ ತಾಪತ್ರಯ. ಮನೆಯಿಂದ ಮೂರು ಕಿಲೋಮೀಟರ್ ದೂರದ ಹೊಲದಲ್ಲಿ ಪಂಪ್‌ಹೌಸ್ ಇದೆ. ತಾಮ್ರದ ಆಸೆಗೆ ಕೇಬಲ್ ಕತ್ತರಿಸಿಕೊಂಡು ಹೋಗುವವರ ಕಾಟ ಎಲ್ಲ ಕಡೆ ಇರುವಂಥದ್ದೇ. ಒಂದು ಸಲ ನನ್ನದೂ ಹೋಯಿತು. ಆಮೇಲೆ ಸಿಮ್ ಹಾಕಿದ ಕ್ಯಾಮೆರಾ ತಂದು ಕಟ್ಟಿದೆ. ಎರಡನೇ ಸಲವೂ ಹೋಯಿತು! ಕ್ಯಾಮೆರಾ ನೋಡಿದರೆ ಆ ರಾತ್ರಿಯ ಚಿತ್ರವೇ ಇಲ್ಲ. ಸಂಜೆಯಿಂದಲೇ ಅದಕ್ಕೆ ನೆಟ್ ಇರಲಿಲ್ಲ. ನನಗೆ ಗೊತ್ತೇ ಆಗಿರಲಿಲ್ಲ. ಕಾವಲು ನಾಯಿ ನಿದ್ದೆ ಹೋಗಿದ್ದು ಯಜಮಾನನಿಗೆ ಗೊತ್ತಾಗುವುದು ಹೇಗೆ?

ಮೊದಲ ತಪ್ಪು ಲೆಕ್ಕದ್ದು. ಕ್ಯಾಮೆರಾಕ್ಕೆ ಬೇಕಾದ್ದು ಏರುವ ವೇಗ, ಇಳಿಯುವ ವೇಗ ಅಲ್ಲ. ಸ್ಪಷ್ಟ ಚಿತ್ರಕ್ಕೆ 2 ಎಂಬಿಪಿಎಸ್ ಅಂತ ಹಿಡಿದರೂ ಸೆಕೆಂಡಿಗೆ ಕಾಲು ಮೆಗಾಬೈಟು. ಒಂದೂವರೆ ಜಿಬಿ ನೂರು ನಿಮಿಷದಲ್ಲಿ ಖಾಲಿ. ಹಗಲು ನಾಲ್ಕು ಸಲ ಕ್ಯಾಮೆರಾ ತೆರೆದು ಬಾಳೆಗೊನೆ ನೋಡಿ ಖುಷಿಪಟ್ಟರೆ ರಾತ್ರಿ ಕಳ್ಳ ಬರುವಾಗ ನೆಟ್ ಇರುವುದಿಲ್ಲ. ಈಗ ಕ್ಯಾಮೆರಾದೊಳಗೇ ಮೆಮೊರಿ ಕಾರ್ಡ್ ಹಾಕಿ ಚಿತ್ರ ಅಲ್ಲೇ ಉಳಿಯುವಂತೆ ಮಾಡಿದ್ದೇನೆ. ಅಲುಗಾಟ ಕಂಡಾಗ ಮಾತ್ರ ಫೋನಿಗೆ ಒಂದು ಫೋಟೋ. ನೋಡುವಾಗಲೂ ಕಡಿಮೆ ಗುಣಮಟ್ಟ ಇಟ್ಟುಕೊಂಡಿದ್ದೇನೆ. ಮನುಷ್ಯನೋ ಹಂದಿಯೋ ಅಂತ ಗೊತ್ತಾದರೆ ಸಾಕಲ್ಲ.

ಎರಡನೆಯದು ಕರೆಂಟ್. ಪಂಪ್‌ಸೆಟ್ಟಿಗೆ ತ್ರೀಫೇಸ್ ಬರುವುದು ದಿನಕ್ಕೆ ಏಳು ತಾಸಿನ ಲೆಕ್ಕದಲ್ಲಿ, ಅದೂ ಪಾಳಿಯಲ್ಲಿ. ಉಳಿದ ಹೊತ್ತು ಪೆಟ್ಟಿಗೆಗೆ ಬ್ಯಾಟರಿ ಬೇಕು. ಬಹುತೇಕ ವೈಫೈ ಪೆಟ್ಟಿಗೆ 12 ವೋಲ್ಟಿನವು, ಅರ್ಧ ಆಂಪಿಯರ್ ಎಳೆದರೆ 6 ವ್ಯಾಟ್. 12 ವೋಲ್ಟಿನ 7 ಎಎಚ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇದೆ. ಕಾಗದದ ಲೆಕ್ಕದಲ್ಲಿ 14 ತಾಸು. ಆದರೆ ಈ ಬ್ಯಾಟರಿಯನ್ನು ಪೂರ್ತಿ ಬಸಿದರೆ ಬೇಗ ಸಾಯುತ್ತದೆ, ಅರ್ಧ ಬಸಿಯುವುದು ಅಂತ ಇಟ್ಟರೆ ಏಳು ತಾಸು. ಕ್ಯಾಮೆರಾವನ್ನೂ ಅದಕ್ಕೇ ಕಟ್ಟಿದರೆ ಇನ್ನೂ ಕಡಿಮೆ. ಹೊಲದಲ್ಲಿ ಸಣ್ಣ ಸೋಲಾರ್ ಹಲಗೆ ಸೇರಿಸುವುದು ಒಳ್ಳೆಯದು. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಪೆಟ್ಟಿಗೆಗೆ ನೇರ ತಂತಿ ಎಳೆಯಬೇಡಿ. ಆಗ 14 ವೋಲ್ಟಿನ ಮೇಲೂ ಹೋಗುತ್ತದೆ, ಪೆಟ್ಟಿಗೆ ಸುಟ್ಟೀತು. ನಡುವೆ ಇಡಲು ಸಣ್ಣ ಯುಪಿಎಸ್ ಅಂತಲೇ ಮಾರುತ್ತಾರೆ.

ಮೂರನೆಯದೇ ಮುಖ್ಯವಾದದ್ದು, ನಿದ್ದೆ ಹೋದ ನಾಯಿಯ ಪ್ರಶ್ನೆ. ಮನೆಯಿಂದ ಪಂಪ್‌ಹೌಸಿನ ಸಿಮ್ಮಿಗೆ ಪಿಂಗ್ ಮಾಡಿ ನೋಡೋಣ ಅಂತ ಹೊರಟೆ. ಆಗಲಿಲ್ಲ. ಮೊಬೈಲ್ ಕಂಪನಿಗಳು ಸಾವಿರಾರು ಸಿಮ್ಮುಗಳನ್ನು ಒಂದೇ ವಿಳಾಸದ ಹಿಂದೆ ಇಟ್ಟಿರುತ್ತವೆ. ಒಳಗಿನವರು ಹೊರಗೆ ಕೂಗಬಹುದು, ಹೊರಗಿನವರು ಒಳಗಿನ ಒಬ್ಬನನ್ನು ಹೆಸರು ಹಿಡಿದು ಕೂಗಲಾಗದು. ತಂಗಿ ಮಗ ಇದಕ್ಕೆ ಹೇಳಿದ ದಾರಿ ನಮ್ಮ ನೀರುಗಂಟಿಯದ್ದೇ. ರಾತ್ರಿ ಕಾಲುವೆ ಕಾಯುವವನು ತಾಸಿಗೊಮ್ಮೆ ತಾನಾಗಿ "ಹೋ" ಅಂತ ಕೂಗಬೇಕು. ಕೂಗು ಬಂದರೆ ಎಲ್ಲಾ ಕ್ಷೇಮ. ಬರಲಿಲ್ಲ ಅಂದರೆ ಎದ್ದು ಹೋಗಿ ನೋಡಬೇಕು.

ಪಂಪ್‌ಹೌಸಿನಲ್ಲಿ ಪರದೆ ಒಡೆದ ಹಳೇ ಫೋನ್ ಒಂದನ್ನು ಇಟ್ಟಿದ್ದೇನೆ. ಅದು ಹದಿನೈದು ನಿಮಿಷಕ್ಕೊಮ್ಮೆ ಇಂಟರ್‌ನೆಟ್ಟಿನಲ್ಲಿರುವ ಒಂದು ಪುಕ್ಕಟೆ ಕಾವಲು ಸೇವೆಗೆ ‘ಇದ್ದೇನೆ’ ಅಂತ ಹೇಳುತ್ತದೆ. ಎರಡು ಸಲ ಹೇಳದಿದ್ದರೆ ಆ ಸೇವೆ ನನ್ನ ಫೋನಿಗೆ ಸುದ್ದಿ ಕಳಿಸುತ್ತದೆ. ಕಂಪನಿಯವರ ಭಾಷೆಯಲ್ಲಿ ಇದಕ್ಕೆ ‘ಹೃದಯ ಬಡಿತ’ ಅಂತ ಹೆಸರಂತೆ. ಮೊದಲ ವಾರ ಸುಳ್ಳು ಸುದ್ದಿಗಳೇ ಜಾಸ್ತಿ ಬಂದವು, ನಡುರಾತ್ರಿ ಎದ್ದು ಬ್ಯಾಟರಿ ಹಿಡಿದು ಓಡಿದ್ದೂ ಆಯಿತು. ಎರಡು ಸಲದ ಬದಲು ಮೂರು ಸಲ ಅಂತ ಬದಲಾಯಿಸಿದ ಮೇಲೆ ನಿದ್ದೆ ಬಂತು. ಸದಾ ಚಾರ್ಜಿಗೆ ಹಾಕಿಟ್ಟ ಹಳೇ ಫೋನಿನ ಬ್ಯಾಟರಿ ಊದಿಕೊಳ್ಳುವುದುಂಟು. ತಿಂಗಳಿಗೊಮ್ಮೆ ನೋಡಿ, ಹುಲ್ಲು-ಗೋಣಿಚೀಲದ ಹತ್ತಿರ ಇಡಬೇಡಿ.

ಬರೀ ಮೋಟಾರ್ ಚಾಲೂ-ಬಂದ್ ಮಾಡುವವರಿಗೆ ಇಷ್ಟೆಲ್ಲಾ ಬೇಡ. ಫೋನ್ ಕರೆ ಅಥವಾ ಎಸ್ಸೆಮ್ಮೆಸ್ಸಿನಲ್ಲಿ ನಡೆಯುವ ಸ್ಟಾರ್ಟರುಗಳು ಬಹಳ ವರ್ಷದಿಂದ ಇವೆ. ಅವಕ್ಕೆ ವೇಗದ ನೆಟ್ಟೇ ಬೇಕಿಲ್ಲ, ಕರೆ ಹೋಗುವಷ್ಟು ಸಿಗ್ನಲ್ ಸಾಕು. ಅಂಥವರಿಗೆ ದೊಡ್ಡ ಡೇಟಾ ಪ್ಲಾನ್ ಹಾಕಿಸಿಕೊಡುವ ಅಂಗಡಿಗಳನ್ನು ನಾನು ನೋಡಿದ್ದೇನೆ.

ನೋಟ್‌ಬುಕ್ ಹಿಡಿದು ದೂರು

2023ರ ಜನವರಿಯಿಂದ ಬ್ರಾಡ್‌ಬ್ಯಾಂಡ್ ಅಂತ ಹೆಸರಿಟ್ಟುಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ಇಳಿಯುವ ವೇಗ ಇರಬೇಕು ಅಂತ ಸರ್ಕಾರ ಮಾಡಿದೆ. ಅದಕ್ಕೂ ಮೊದಲು ಇದ್ದದ್ದು 512 ಕೆಬಿಪಿಎಸ್. 2024ರ ಅಕ್ಟೋಬರ್ 1ರಿಂದ ಟ್ರಾಯ್‌ನ ಹೊಸ ನಿಯಮ ಬಂದು, ಎಲ್ಲೆಲ್ಲಿ ತಮ್ಮ ಸಿಗ್ನಲ್ ಇದೆ ಅನ್ನುವ ನಕ್ಷೆಯನ್ನು ಮೊಬೈಲ್ ಕಂಪನಿಗಳು ತಮ್ಮ ತಾಣದಲ್ಲಿ ಹಾಕಬೇಕು ಅಂತಾಯಿತು. ಸಿಮ್ ಕೊಳ್ಳುವ ಮೊದಲು ನಿಮ್ಮ ಹೊಲ ಆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿದೆ ನೋಡಿ. ನಕ್ಷೆಗೂ ನೆಲಕ್ಕೂ ತಾಳೆಯಾಗದಿದ್ದರೆ ಅದೂ ದೂರಿಗೆ ಒಂದು ಆಧಾರ.

ದೂರಿನ ನಂಬರ್ 198. ಮಾತಾಡಿದ ಮೇಲೆ ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ, ಅದಿಲ್ಲದಿದ್ದರೆ ಹೇಳಿದ್ದೆಲ್ಲ ಗಾಳಿಗೆ. ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹಾಕಬಹುದು, ಅವರು 39 ದಿನದಲ್ಲಿ ತೀರ್ಮಾನ ಕೊಡಬೇಕು. ಇದಕ್ಕೆ ಖರ್ಚಿಲ್ಲ. ಟ್ರಾಯ್‌ಗೇ ನೇರ ಬರೆದರೆ ಒಬ್ಬೊಬ್ಬರ ದೂರು ಅವರು ಬಿಡಿಸುವುದಿಲ್ಲ.

ನಾನು ಮೊದಲು ಫೋನ್ ಮಾಡಿ "ನೆಟ್ ಸರಿ ಇಲ್ರಿ" ಅಂದಾಗ "ಫೋನ್ ಬಂದ್ ಮಾಡಿ ಚಾಲೂ ಮಾಡ್ರಿ ಸಾರ್" ಅಂತ ಬಂತು ಉತ್ತರ. ಎರಡನೇ ಸಲ ನೋಟ್‌ಬುಕ್ ಎದುರಿಗಿಟ್ಟುಕೊಂಡು, ಹತ್ತು ದಿನ ರಾತ್ರಿ ಎಂಟಕ್ಕೆ ಇಷ್ಟಿಷ್ಟು, ಬೆಳಿಗ್ಗೆ ಇಷ್ಟಿಷ್ಟು, ಮರದಡಿ ಸಿಗ್ನಲ್ ಮೈನಸ್ 92 ಇದ್ದಾಗಲೂ ವೇಗ 1 ಎಂಬಿಪಿಎಸ್ ದಾಟುವುದಿಲ್ಲ ಅಂತ ಓದಿ ಹೇಳಿದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಎಂಟು ದಿನಕ್ಕೆ ಟವರಿಗೆ ಜನ ಬಂದು ಏನೋ ಮಾಡಿ ಹೋದರು. ರಾತ್ರಿಯ ಅಂಕಿ ಈಗ 3ರ ಮೇಲಿದೆ. ಪಂಪ್‌ಹೌಸಿನ ನೆರಳು ಮಾತ್ರ ಹಾಗೇ ಇದೆ, ಗುಡ್ಡ ಸರಿಸಲು ಯಾರಿಂದಾದೀತು. ಅಲ್ಲಿ ಬಿದಿರಿನ ಗಳಕ್ಕೆ ಹೊರಗಿನ ಆಂಟೆನಾ ಕಟ್ಟಿ ನೋಡುತ್ತಿದ್ದೇನೆ. ಇಪ್ಪತ್ತಡಿ ಏರಿಸಿದರೆ ಮೈನಸ್ 111 ಇದ್ದದ್ದು 104 ಆಗಿದೆ. ಇನ್ನೂ ಹತ್ತಡಿ ಏರಿಸಿದರೆ ಏನಾಗುತ್ತದೆ ಅಂತ ಮಳೆಗಾಲ ಮುಗಿದ ಮೇಲೆ ನೋಡಬೇಕು, ಈಗ ಸಿಡಿಲಿನ ದಿನ. ಗುಡ್ಡದ ಮಗ್ಗುಲಿನ ಬೇರೆ ಹಳ್ಳಿಗಳಲ್ಲಿ ಯಾರಾದರೂ ಹೀಗೆ ಗಳ ಕಟ್ಟಿ ಅಳೆದಿದ್ದರೆ ತಮ್ಮ ಅಂಕಿ ಪತ್ರಿಕೆಗೆ ಬರೆದು ಕಳಿಸಿ. ಆಂಟೆನಾದ ಎತ್ತರ, ಯಾವ ದಿಕ್ಕಿಗೆ ತಿರುಗಿಸಿದ್ದು, ತಂತಿ ಎಷ್ಟು ಉದ್ದ ಅನ್ನುವುದನ್ನೂ ಸೇರಿಸಿ.